ನ್ಯಾಸ: ಮರೆತ ಒಡೆತನದ ಚರಿತ್ರೆ

ಭೀಮಾ ತೀರದ ನಮ್ಮ ಸೊನ್ನ ಸೀಮೆಯ ವ್ಯಾಪಾರಿ ಮನೆತನಗಳಲ್ಲಿ ಕೀರ್ದಿ, ಖತಾವಣಿ, ಜಮೀನಿನ ಕಾಗದ, ಶೇರು ಪತ್ರ ಎಲ್ಲವನ್ನೂ ಒಂದೇ ತಗಡಿನ ಟ್ರಂಕಿನಲ್ಲಿ ಇಡುವುದು ವಾಡಿಕೆ. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಹರಿದಾಗ ನನ್ನ ತೀರ್ಥರೂಪರ ಟ್ರಂಕೂ ನೆನೆಯಿತು. ಒಣಗಿಸಿ ಬಿಡಿಸಿ ನೋಡಲಾಗಿ ಕೆಲವು ಶೇರು ಪತ್ರಗಳು ಓದಲಾರದಷ್ಟು ಕೆಟ್ಟಿದ್ದವು. ಓದಲು ಬರುತ್ತಿದ್ದ ಒಂದು ಪತ್ರದ ಮೇಲೆ ಮಾತ್ರ ನಮ್ಮ ಮನೆಯವರ ಹೆಸರಿರಲಿಲ್ಲ. ಬಹುಕಾಲದ ಹಿಂದೆ ಸೊಲ್ಲಾಪುರಕ್ಕೆ ಹೋಗಿ ನೆಲೆಸಿದ, ತಂದೆಯವರ ಸ್ನೇಹಿತರೊಬ್ಬರ ಹೆಸರಿತ್ತು. ಜೋಪಾನಕ್ಕೆಂದು ಕೊಟ್ಟದ್ದೆಂದು ತಂದೆಯವರ ಕೈಬರಹದಲ್ಲಿ ಒಂದು ಸಾಲಿನ ಚೀಟಿಯೂ ಇತ್ತು.

ಕೊಟ್ಟವರು ಇಲ್ಲ, ಇಟ್ಟುಕೊಂಡವರೂ ಇಲ್ಲ, ಕೇಳುವವರಂತೂ ಇಲ್ಲವೇ ಇಲ್ಲ. ಹೀಗಿರಲು ಸುಮ್ಮನಿದ್ದರೆ ತಪ್ಪೇನು ಎಂಬ ವಿಚಾರವು ನನ್ನ ಮನಸ್ಸಿನಲ್ಲಿಯೂ ಸುಳಿಯಿತೆಂದು ಒಪ್ಪಿಕೊಳ್ಳಲೇಬೇಕು. ಅಂದು ಎದುರಾದ ಪ್ರಶ್ನೆಗಳು ಎರಡು. ಕಾಗದ ಹಾಳಾದರೆ ಒಡೆತನವೂ ಹಾಳಾಗುವುದೇ? ಒಡೆಯನು ಮರೆತರೆ ಒಡೆತನವು ಅಳಿಯುವುದೇ?

ಮೊದಲನೆಯದಕ್ಕೆ ವಾಣಿಜ್ಯ ಶಾಸನವು ಸ್ಪಷ್ಟ ಉತ್ತರ ಕೊಡುತ್ತದೆ. ಶೇರು ಪತ್ರವು ಒಡೆತನಕ್ಕೆ ಸಾಕ್ಷಿಯೇ ಹೊರತು ಅದೇ ಸ್ವತ್ತಲ್ಲ. ಸದಸ್ಯರ ಹೆಸರು ಕಂಪನಿಯ ಸದಸ್ಯರ ದಾಖಲೆ ಪುಸ್ತಕದಲ್ಲಿ ಇರುತ್ತದೆ. ಆದ್ದರಿಂದ ಪತ್ರ ಕಳೆದವನು ಪೊಲೀಸ್ ದೂರು, ಪ್ರಮಾಣಪತ್ರ, ನಷ್ಟಭರ್ತಿ ಮುಚ್ಚಳಿಕೆ, ಪತ್ರಿಕಾ ಪ್ರಕಟಣೆ ಮುಂತಾದವುಗಳ ಮೂಲಕ ತನ್ನ ಹಕ್ಕನ್ನು ಮರಳಿ ಸ್ಥಾಪಿಸಬಹುದು. ಅಲ್ಪ ಮೌಲ್ಯದ ಶೇರುಗಳಿಗೆ 2022ರಲ್ಲಿ ಸೆಬಿ ಸಂಸ್ಥೆಯು ಕೆಲವು ವಿನಾಯಿತಿಗಳನ್ನೂ ಕೊಟ್ಟಿತು.

ಎರಡನೆಯ ಪ್ರಶ್ನೆಗೆ ನಮ್ಮ ಆಚಾರ್ಯರು ಬಹು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳ ನಡುವೆ ನ್ಯಾಸಾಪಹಾರವನ್ನು ಎಣಿಸಿದ್ದಾರೆ. ಕನ್ನಡ ನಾಡಿನ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಹೀಗೆ ವಿವರಿಸುತ್ತಾರೆ: ಹೊನ್ನು ಮೊದಲಾದುದನ್ನು ಇಟ್ಟವನು ಅದರ ಸಂಖ್ಯೆಯನ್ನು ಮರೆತು ಕಡಿಮೆ ಕೇಳುತ್ತಾನೆ, ಇಟ್ಟುಕೊಂಡವನು ಹೌದು, ಅಷ್ಟೇ ಎನ್ನುತ್ತಾನೆ. ಇದೇ ನ್ಯಾಸಾಪಹಾರ. ಇದನ್ನು ಅಚೌರ್ಯವ್ರತದ ಕೆಳಗೆ ಇಡದೆ ಸತ್ಯವ್ರತದ ಕೆಳಗೆ ಇಟ್ಟಿರುವುದನ್ನು ವಾಚಕರು ಗಮನಿಸಬೇಕು. ಇಲ್ಲಿ ಕೈ ಏನನ್ನೂ ಕದಿಯುವುದಿಲ್ಲ. ಇನ್ನೊಬ್ಬನ ಮರವೆಗೆ ನಾಲಿಗೆಯು ಸಮ್ಮತಿ ಕೊಡುತ್ತದೆ, ಅಷ್ಟೇ. ಇನ್ನು ಸಮಂತಭದ್ರರು ರತ್ನಕರಂಡಕದಲ್ಲಿ ಅಚೌರ್ಯವನ್ನು ಹೇಳುವಾಗ ಇಟ್ಟದ್ದು, ಬಿದ್ದದ್ದು, ಮರೆತದ್ದು ಈ ಮೂರನ್ನೂ ಪರರ ಸ್ವತ್ತೆಂದೇ ಎಣಿಸಿದ್ದಾರೆ.

ರಾಜ್ಯಶಾಸನವು ಈ ಮಾತಿಗೆ ಬರಲು ಎಷ್ಟು ಕಾಲ ಹಿಡಿಯಿತೆಂಬುದು ಬೋಧಪ್ರದವಾಗಿದೆ. 1956ರ ಕಂಪನಿ ಕಾಯಿದೆಗೆ 1974ರಲ್ಲಿ ಆದ ತಿದ್ದುಪಡಿಯಂತೆ, ಮೂರು ವರ್ಷ ಯಾರೂ ಪಡೆಯದ ಲಾಭಾಂಶವು ಕೇಂದ್ರ ಸರಕಾರದ ಖಾತೆಗೆ ಸೇರುತ್ತಿತ್ತು. ಹಕ್ಕುದಾರನು ಸರಕಾರವನ್ನು ಕೇಳಬಹುದಿತ್ತು. 1999ರ ತಿದ್ದುಪಡಿಯು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಯನ್ನು ಏರ್ಪಡಿಸಿ ಅವಧಿಯನ್ನು ಏಳು ವರ್ಷಕ್ಕೆ ಹೆಚ್ಚಿಸಿತು. ಆದರೆ ಹಣವು ನಿಧಿಗೆ ಸೇರಿದ ಮೇಲೆ ಯಾವ ಹಕ್ಕೂ ಸಲ್ಲದೆಂದು ವಿಧಿಸಿತು. ಮರೆತವನ ಸ್ವತ್ತು ಶಾಶ್ವತವಾಗಿ ಹೋಯಿತು! 2013ರ ಹೊಸ ಕಾಯಿದೆಯು ಈ ಬಾಗಿಲನ್ನು ಮತ್ತೆ ತೆರೆಯಿತು. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದಿದ್ದರೆ ಶೇರುಗಳೂ ನಿಧಿಗೆ ಹೋಗುತ್ತವೆ. ಆದರೆ ಒಡೆಯನಾಗಲಿ ವಾರಸುದಾರನಾಗಲಿ ಕೇಳಿದರೆ ಮರಳಿ ಕೊಡತಕ್ಕದ್ದು. ಇದಕ್ಕಾಗಿ ಪ್ರಾಧಿಕಾರವು 2016ರ ಸೆಪ್ಟೆಂಬರಿನಲ್ಲಿ ಕಾರ್ಯಾರಂಭ ಮಾಡಿತು. ಹತ್ತು ವರ್ಷ ಮುಟ್ಟದ ಬ್ಯಾಂಕ್ ಠೇವಣಿಗಳಿಗೂ 2014ರಿಂದ ರಿಸರ್ವ್ ಬ್ಯಾಂಕಿನಲ್ಲಿ ಇಂತಹದೇ ನಿಧಿಯಿದೆ. ಅವುಗಳನ್ನು ಹುಡುಕಲು 2023ರಲ್ಲಿ ಉದ್ಗಮ್ ಎಂಬ ಜಾಲತಾಣವನ್ನು ತೆರೆದಿದ್ದಾರೆ. ಒಟ್ಟಿನಲ್ಲಿ ಸರಕಾರವು ಸ್ವತ್ತಿನ ಒಡೆಯನಾಗದೆ ನ್ಯಾಸಧಾರಿಯಾಯಿತು.

ಸೊಲ್ಲಾಪುರದಲ್ಲಿ ವಿಚಾರಿಸುತ್ತಾ ಹೋಗಿ ಆ ಸ್ನೇಹಿತರ ಮೊಮ್ಮಗಳನ್ನು ಕಂಡೆನು. ಅಜ್ಜನಿಗೆ ಶೇರುಗಳಿದ್ದುವೆಂಬುದೇ ಆ ತಾಯಿಗೆ ಗೊತ್ತಿರಲಿಲ್ಲ. ಶೇರುಗಳು ಆಗಲೇ ನಿಧಿಗೆ ಹೋಗಿದ್ದವು. ಕೇಳಿಕೆ ಅರ್ಜಿಯೊಡನೆ ಮೂಲ ಪತ್ರವನ್ನು ಸಲ್ಲಿಸಬೇಕಾಗಿದ್ದುದರಿಂದ ನಮ್ಮ ಟ್ರಂಕಿನ ಆ ಒಂದು ಹಾಳೆಯೇ ಅವರಿಗೆ ಆಧಾರವಾಯಿತು. ಮರಣಪತ್ರ, ವಾರಸಾ ಪತ್ರಗಳನ್ನು ಕೂಡಿಸಲು ತಿಂಗಳುಗಳೇ ಹಿಡಿದವು. ಕೊನೆಗೆ ಶೇರುಗಳು ಅವರ ಡಿಮ್ಯಾಟ್ ಖಾತೆಗೆ ಬಂದವು. ಮೊತ್ತ ದೊಡ್ಡದಲ್ಲ, ಆದರೆ ತಂದೆಯವರ ಖತಾವಣಿಯಲ್ಲಿ ಬಾಕಿಯಿದ್ದ ಒಂದು ಲೆಕ್ಕವು ಅಂದು ಚುಕ್ತಾ ಆಯಿತು.

ಅಪರಿಗ್ರಹವನ್ನು ನಂಬಿದವರಿಗೆ ಕಳೆದ ಹಣದ ಬೆನ್ನು ಹತ್ತುವುದು ತರವೇ ಎಂದು ಕೆಲವರು ಕೇಳುವರು. ನಮ್ಮ ಪಾಲನ್ನು ಬಿಡುವುದು ತ್ಯಾಗವಾದೀತು. ಆದರೆ ತಾಯಿಯ, ಸೋದರಿಯ, ಸ್ನೇಹಿತನ ಮೊಮ್ಮಗಳ ಪಾಲನ್ನು ಅಲಕ್ಷ್ಯದಿಂದ ಕಳೆಯುವುದು ತ್ಯಾಗವಲ್ಲ, ಪ್ರಮಾದ.

ಬಸದಿಗಳ ಟ್ರಸ್ಟುಗಳಿಗೂ ಈ ಮಾತು ಸಲ್ಲುತ್ತದೆ. ಹಿಂದಿನ ದಾನಿಗಳು ಕೊಟ್ಟ ಠೇವಣಿ, ಭೂದಾನ, ಶಾಶ್ವತ ಪೂಜೆಯ ನಿಧಿ ಇವುಗಳ ದಾಖಲೆ ಎಷ್ಟೋ ಕಡೆ ಒಬ್ಬರೇ ಹಿರಿಯರ ನೆನಪಿನಲ್ಲಿದೆ. ಪ್ರತಿ ಮಾಡಿಸಿ ಇಡುವುದು ನಮ್ಮ ಪರಂಪರೆಗೆ ಹೊಸದೇನಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಉಳಿಸಲು ಸಾವಿರ ಪ್ರತಿಗಳನ್ನು ಬರೆಯಿಸಿದ್ದು ಪ್ರಸಿದ್ಧವಾಗಿದೆ. ಅದಕ್ಕೆ ಪ್ರತಿಯಾಗಿ ವೀರಸೇನಾಚಾರ್ಯರ ಧವಲಾ ಟೀಕೆಯು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳಲ್ಲಿ ಮಾತ್ರ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಿಂದ ಮುದ್ರಣಗೊಂಡು ಲೋಕಕ್ಕೆ ದೊರೆಯಿತು. ಅಲ್ಲಿಯವರು ಅದನ್ನು ಕಾಪಾಡಿದ್ದು ನಮ್ಮ ಪುಣ್ಯ. ಬೆಂಕಿಯೋ ಗೆದ್ದಲೋ ಮುಟ್ಟಿದ್ದರೆ ಏನು ಉಳಿಯುತ್ತಿತ್ತು?

ಆದುದರಿಂದ ಶ್ರಾವಕರಲ್ಲಿ ನನ್ನ ವಿನಂತಿ ಇಷ್ಟೇ. ಈ ಸಲದ ದೀಪಾವಳಿಗೆ ಹೊಸ ವಹಿಯನ್ನು ಪೂಜಿಸುವ ಮೊದಲು ಹಳೆಯ ಟ್ರಂಕನ್ನು ಒಮ್ಮೆ ತೆರೆಯಿರಿ. ನಿಮ್ಮದನ್ನು ಪಟ್ಟಿ ಮಾಡಿ, ಮನೆಯ ಇಬ್ಬರಿಗೆ ತಿಳಿಸಿ, ಪ್ರತಿಯನ್ನು ಬೇರೆಡೆ ಇಡಿ. ನಿಮ್ಮದಲ್ಲದ್ದು ಸಿಕ್ಕರೆ, ಕೇಳುವವರು ಬರಲೆಂದು ಕಾಯದೆ ನೀವೇ ಹುಡುಕಿಕೊಂಡು ಹೋಗಿ ಕೊಡಿ.