ಮೋನಿಕಾ ಬೆಸ್ರಾ ರೋಗಶಮನ ಪ್ರಕರಣ

ಪಶ್ಚಿಮ ಬಂಗಾಳದ ದಕ್ಷಿಣ ದಿನಾಜ್‌ಪುರ ಜಿಲ್ಲೆಯ ಸಂತಾಲ ಬುಡಕಟ್ಟಿನ ಮಹಿಳೆ ಮೋನಿಕಾ ಬೆಸ್ರಾ ಅವರ ಹೊಟ್ಟೆಯ ಗಡ್ಡೆಯು 1998ರಲ್ಲಿ ಮದರ್ ತೆರೇಸಾ ಅವರ ಕೃಪೆಯಿಂದ ಮಾಯವಾಯಿತೆಂಬ ಹೇಳಿಕೆಯೂ ಅದನ್ನು ಕುರಿತ ವಿವಾದವೂ ಈ ಹೆಸರಿನಿಂದ ಪ್ರಸಿದ್ಧವಾಗಿವೆ. ರೋಮನ್ ಕಥೋಲಿಕ ಚರ್ಚು ಇದನ್ನು ಪವಾಡವೆಂದು ಅಂಗೀಕರಿಸಿತು. ಚಿಕಿತ್ಸೆ ನೀಡಿದ ವೈದ್ಯರು ಇದು ಔಷಧದ ಫಲವೆಂದರು.

ಹಿನ್ನೆಲೆ

ಮದರ್ ತೆರೇಸಾ ಅವರು 1997ರ ಸೆಪ್ಟೆಂಬರ್ 5ರಂದು ಕೊಲ್ಕತ್ತದಲ್ಲಿ ನಿಧನರಾದರು. ಅವರ ಮೊದಲ ಪುಣ್ಯತಿಥಿಯ ದಿನ ಬೆಸ್ರಾ ಅವರು ಪತಿರಾಮ್ ಎಂಬಲ್ಲಿ ಮಿಷನರೀಸ್ ಆಫ್ ಚಾರಿಟಿ ಸಂಸ್ಥೆಯ ಆಶ್ರಯಧಾಮದಲ್ಲಿದ್ದರು. ಅಂದು ಪ್ರಾರ್ಥನಾಮಂದಿರದಲ್ಲಿದ್ದ ಮದರ್ ತೆರೇಸಾ ಅವರ ಚಿತ್ರದಿಂದ ಬೆಳಕೊಂದು ತಮ್ಮತ್ತ ಹರಿದುಬಂದಿತೆಂದು ಅವರು ಹೇಳಿದ್ದಾರೆ. ಆ ಬಳಿಕ ಸನ್ಯಾಸಿನಿಯರು ಮದರ್ ಅವರ ಪಾರ್ಥಿವ ಶರೀರಕ್ಕೆ ಸೋಕಿಸಿದ್ದ ಪದಕವೊಂದನ್ನು ಬೆಸ್ರಾ ಅವರ ಹೊಟ್ಟೆಯ ಮೇಲಿರಿಸಿ ಪ್ರಾರ್ಥಿಸಿದರು. ಮರುದಿನ ಬೆಳಗಾಗುವಷ್ಟರಲ್ಲಿ ಗಡ್ಡೆ ಕರಗಿಹೋಗಿತ್ತೆಂಬುದು ಬೆಸ್ರಾ ಅವರ ನಿವೇದನೆ.

ಭಿನ್ನ ಹೇಳಿಕೆಗಳು

ಬಾಲೂರ್‌ಘಾಟ್ ಆಸ್ಪತ್ರೆಯ ಸ್ತ್ರೀರೋಗತಜ್ಞ ಡಾ. ರಂಜನ್ ಮುಸ್ತಫಿ ಅವರು ಈ ನಿವೇದನೆಯನ್ನು ಒಪ್ಪಲಿಲ್ಲ. ಅವರ ಪ್ರಕಾರ ಅದು ಕ್ಯಾನ್ಸರ್ ಗಡ್ಡೆಯಲ್ಲ, ಕ್ಷಯರೋಗದಿಂದ ಉಂಟಾದ ನೀರುಗಡ್ಡೆ. ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಸೇವಿಸಿದ ಔಷಧಗಳಿಂದ ಅದು ವಾಸಿಯಾಯಿತು. ಹೆಂಡತಿ ಗುಣವಾದದ್ದು ವೈದ್ಯರಿಂದಲೇ ಎಂದು ಬೆಸ್ರಾ ಅವರ ಪತಿಯೂ ಪತ್ರಿಕೆಯೊಂದಕ್ಕೆ ಹೇಳಿದ್ದರು. ಮುಂದೆ ಅವರು ಈ ಮಾತನ್ನು ಬದಲಿಸಿದರೆಂದು ವರದಿಯಾಯಿತು. ಪ್ರಬೀರ್ ಘೋಷ್ ನೇತೃತ್ವದ ಬಂಗಾಳದ ವಿಚಾರವಾದಿ ಸಂಘಟನೆಯು ಪವಾಡದ ಹೇಳಿಕೆಯನ್ನು ಬಹಿರಂಗವಾಗಿ ವಿರೋಧಿಸಿತು. ಬೆಸ್ರಾ ಅವರು ಮಾತ್ರ ತಮ್ಮ ನಿಲುವನ್ನು ಬಿಡಲಿಲ್ಲ.

ಚರ್ಚಿನ ವಿಚಾರಣೆ

ಕಥೋಲಿಕ ನಿಯಮದಂತೆ ರೋಗಶಮನವೊಂದು ಪವಾಡವೆನಿಸಬೇಕಾದರೆ ಅದು ತತ್‌ಕ್ಷಣದ್ದೂ ಪೂರ್ಣವೂ ಶಾಶ್ವತವೂ ಆಗಿರಬೇಕು; ವೈದ್ಯಶಾಸ್ತ್ರವು ಅದನ್ನು ವಿವರಿಸಲು ಅಸಮರ್ಥವಾಗಿರಬೇಕು. ಮರಣದ ಬಳಿಕ ಐದು ವರ್ಷ ಕಾಯಬೇಕೆಂಬ ನಿಯಮವನ್ನು ಪೋಪ್ ಎರಡನೆಯ ಜಾನ್ ಪಾಲ್ ಅವರು ಮದರ್ ತೆರೇಸಾ ಅವರ ವಿಷಯದಲ್ಲಿ ಸಡಿಲಿಸಿದರು. ವ್ಯಾಟಿಕನ್ನಿನ ವೈದ್ಯಮಂಡಳಿಯು ಗಡ್ಡೆಯ ಹಠಾತ್ ಕಣ್ಮರೆಗೆ ವೈದ್ಯಕೀಯ ವಿವರಣೆಯಿಲ್ಲವೆಂದು ಅಭಿಪ್ರಾಯಪಟ್ಟಿತು. 2002ರ ಡಿಸೆಂಬರ್ 20ರಂದು ಪವಾಡಕ್ಕೆ ಅಧಿಕೃತ ಮನ್ನಣೆ ದೊರೆಯಿತು. 2003ರ ಅಕ್ಟೋಬರ್ 19ರಂದು ಮದರ್ ತೆರೇಸಾ ಅವರನ್ನು ಸಂತ ಪದವಿಯ ಹಿಂದಿನ ಮೆಟ್ಟಿಲಾದ ಧನ್ಯತೆಗೆ ಏರಿಸಲಾಯಿತು. ಬ್ರೆಜಿಲಿನ ರೋಗಿಯೊಬ್ಬರ ಗುಣಮುಖವನ್ನು ಎರಡನೆಯ ಪವಾಡವೆಂದು ಪರಿಗಣಿಸಿ, 2016ರ ಸೆಪ್ಟೆಂಬರ್ 4ರಂದು ಪೋಪ್ ಫ್ರಾನ್ಸಿಸ್ ಅವರು ಸಂತ ಪದವಿಯನ್ನು ಘೋಷಿಸಿದರು.

ಹೇಳಿಕೆಗಳ ತುಲನೆ

ಮೋನಿಕಾ ಬೆಸ್ರಾ ಅಸ್ವಸ್ಥರಾಗಿದ್ದರು, ಅನಂತರ ಗುಣವಾದರು. ಈ ಎರಡರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ವಿವಾದವಿರುವುದು ಗಡ್ಡೆ ಯಾವ ಬಗೆಯದು, ಅದು ಒಂದೇ ರಾತ್ರಿಯಲ್ಲಿ ಮಾಯವಾಯಿತೇ ಅಥವಾ ತಿಂಗಳುಗಳಲ್ಲಿ ಕರಗಿತೇ, ಆ ಅವಧಿಯಲ್ಲಿ ಸೇವಿಸಿದ ಔಷಧದ ಪಾತ್ರವೇನು ಎಂಬ ಮೂರು ಪ್ರಶ್ನೆಗಳಲ್ಲಿ. ಇವಕ್ಕೆ ಉತ್ತರ ನೀಡಬಲ್ಲವು ಪ್ರಾರ್ಥನೆಗೆ ತುಸು ಮುಂಚಿನ ಮತ್ತು ತರುವಾಯದ, ದಿನಾಂಕ ನಮೂದಾದ ತಪಾಸಣಾ ದಾಖಲೆಗಳು ಮಾತ್ರ. ರೋಗಿಯ ಪ್ರಾಮಾಣಿಕತೆಯನ್ನು ಶಂಕಿಸದೆಯೂ ಈ ಪ್ರಶ್ನೆಗಳನ್ನು ಕೇಳಬಹುದು. ತನಗಾದ ಅನುಭವವನ್ನು ರೋಗಿ ಬಲ್ಲರು. ಅದರ ಕಾರಣವನ್ನು ನಿರ್ಣಯಿಸಲು ಅನುಭವವೊಂದೇ ಸಾಲದು.

ಕರ್ನಾಟಕದಲ್ಲಿ ಇಂತಹ ಪರಿಶೀಲನೆಗೆ ಹಿಂದೆಯೇ ಪ್ರಯತ್ನ ನಡೆದಿತ್ತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡಬಲ್ಲ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದ್ದರು.

ಮಹತ್ವ

ಕ್ಷಯರೋಗದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಆರಂಭದ ವಾರಗಳಲ್ಲೇ ಜ್ವರ ಇಳಿದು ಹಸಿವು ಮರಳುವುದರಿಂದ ರೋಗ ಹೋಯಿತೆಂದು ಭಾವಿಸುವವರುಂಟು. ನಡುವೆ ಔಷಧ ಬಿಟ್ಟರೆ ರೋಗ ಮರುಕಳಿಸಬಹುದು; ಔಷಧಕ್ಕೆ ಬಗ್ಗದ ಕ್ಷಯವೂ ಬೆಳೆಯಬಹುದು. ಆದ್ದರಿಂದ ಗುಣಮುಖದ ಕಾರಣವನ್ನು ಸರಿಯಾಗಿ ಗುರುತಿಸುವುದು ಇತರ ರೋಗಿಗಳ ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಪ್ರಾರ್ಥನೆಯಿಂದ ರೋಗಿಗೆ ಧೈರ್ಯ, ಸಮಾಧಾನ ದೊರೆಯಬಹುದು. ಆದರೆ ವೈದ್ಯರು ಹೇಳುವವರೆಗೆ ಔಷಧವನ್ನು ನಿಲ್ಲಿಸುವಂತಿಲ್ಲ.