ಒಳಾಂಗಣ ಪಹರೆಯಲ್ಲಿ ಸಂಚಾರಿ ರೋಬಾಟುಗಳು: ಸ್ಥಳ ಮತ್ತು ಕಾಲಗಳ ವಿವೇಚನೆ

ಉಗ್ರಾಣ, ವಸ್ತುಸಂಗ್ರಹಾಲಯ, ಕಚೇರಿಗಳೇ ಮೊದಲಾದ ಕಟ್ಟಡಗಳ ಒಳಗಡೆ ಪಹರೆಗಾಗಿ ರೋಬಾಟುಗಳನ್ನು ನಿಯೋಜಿಸುವ ಪ್ರಯತ್ನವು, 1980ರ ದಶಕದ ಆದಿಯಲ್ಲಿ ಅಮೆರಿಕದ ಮಾಂಟೆರೆಯ ನೌಕಾ ಸ್ನಾತಕೋತ್ತರ ವಿದ್ಯಾಲಯದಲ್ಲಿ ಬಾರ್ಟ್ ಎವರೆಟ್ಟರು ನಿರ್ಮಿಸಿದ ‘ರೋಬಾರ್ಟ್’ ಯಂತ್ರದಿಂದ ಮೊದಲುಗೊಂಡು, ನಾಲ್ಕು ದಶಕಗಳ ಚರಿತ್ರೆಯುಳ್ಳದ್ದಾಗಿದೆ. ಗೋಡೆಗೆ ಬಿಗಿದ ಕ್ಯಾಮೆರಾಕ್ಕಿಂತ ತಿರುಗಾಡುವ ಕಾವಲು ಮೇಲೆಂಬ ಗೃಹೀತವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಚಿತ್ರಶಾಲೆಯೊಂದರ ಮೂಲೆಮೂಲೆಯೂ ಕಾಣುವಂತೆ ಎಷ್ಟು ಮಂದಿ ಕಾವಲುಗಾರರನ್ನು ನಿಲ್ಲಿಸಬೇಕೆಂಬ ಪ್ರಶ್ನೆಯನ್ನು ಗಣಿತಜ್ಞ ವಿಕ್ಟರ್ ಕ್ಲೀ 1973ರಲ್ಲಿ ಎತ್ತಿದರು. ಕೋಣೆಯ ಶೃಂಗಗಳ ಮೂರನೆಯ ಒಂದಂಶದಷ್ಟು ಕಾವಲುಗಾರರು ಯಾವ ಆಕಾರಕ್ಕಾದರೂ ಸಾಲುವರೆಂದು, 12 ಶೃಂಗಗಳಿದ್ದರೆ ನಾಲ್ವರು ಸಾಕೆಂದು, ಖ್ವಾಟಾಲ್ 1975ರಲ್ಲಿ ಸಾಧಿಸಿದರು. ಪ್ರತಿಯೊಬ್ಬ ಕಾವಲುಗಾರನೂ ಒಂದು ಸರಳರೇಖೆಯ ಮೇಲೆ ಅತ್ತಿತ್ತ ನಡೆಯಬಹುದಾದರೆ ನಾಲ್ಕನೆಯ ಒಂದಂಶವೇ, ಅಂದರೆ ಮೂವರೇ, ಸಾಕೆಂಬುದನ್ನು ಜೋಸೆಫ್ ಓರೂರ್ಕ್ 1983ರಲ್ಲಿ ತೋರಿಸಿದರು. ಆದರೆ ಈ ಎರಡನೆಯ ಪ್ರಮೇಯದಲ್ಲಿ ಪ್ರತಿಯೊಂದು ಬಿಂದುವೂ ಎಂದಾದರೊಮ್ಮೆ ಕಂಡರೆ ಸಾಕು. ಸದಾ ಕಾಣಬೇಕೆಂಬ ನಿಯಮವಿಲ್ಲ. ಸಂಚಾರದಿಂದ ಸ್ಥಳದಲ್ಲಿ ಉಳಿಸಿದ್ದನ್ನು ಕಾಲದಲ್ಲಿ ತೆರಬೇಕಾಗುತ್ತದೆ.

ಆ ತೆರಿಗೆಯ ಪ್ರಮಾಣವನ್ನು ಲೆಕ್ಕಹಾಕಿ ನೋಡಬಹುದು. ಸೆಕೆಂಡಿಗೆ ಅರ್ಧ ಮೀಟರು ವೇಗದಲ್ಲಿ 300 ಮೀಟರುಗಳ ಓಣಿಯನ್ನು ಸುತ್ತುವ ರೋಬಾಟು ಅದೇ ಬಾಗಿಲಿಗೆ ಮರಳಲು 10 ನಿಮಿಷ ಹಿಡಿಯುತ್ತದೆ. ವಾಸ್ತವದಲ್ಲಿ ಇನ್ನೂ ಹೆಚ್ಚು. ಏಕೆಂದರೆ ಮನುಷ್ಯನ ಮೈಶಾಖವನ್ನು ಗುರುತಿಸುವ ಅವಕೆಂಪು ಸಂವೇದಕವು ದೃಶ್ಯದ ಉಷ್ಣದಲ್ಲಾಗುವ ಬದಲಾವಣೆಯನ್ನೇ ಆಶ್ರಯಿಸಿರುವುದರಿಂದ, ಯಂತ್ರವು ತಾನೇ ಚಲಿಸುತ್ತಿರುವಾಗ ನಿಶ್ಚಲವಾದ ಬೆಚ್ಚನೆಯ ಕೊಳವೆಯೂ ಅದಕ್ಕೆ ಚಲಿಸುವಂತೆ ತೋರುತ್ತದೆ. ಆದುದರಿಂದ ಅದು ಅಲ್ಲಲ್ಲಿ ನಿಂತು ನೋಡಬೇಕು. ಅರ್ಧ ನಿಮಿಷದ 10 ನಿಲುಗಡೆಗಳಿದ್ದರೆ ಸುತ್ತು 15 ನಿಮಿಷಕ್ಕೆ ಬೆಳೆಯಿತು.

ಕೋಲು ಕುಟ್ಟುತ್ತ ಬೀದಿ ಸುತ್ತುವ ಕಾವಲುಗಾರನ ಸದ್ದನ್ನಾಲಿಸಿ ಕಳ್ಳನು ಹೊತ್ತು ಗೊತ್ತುಮಾಡಿಕೊಳ್ಳುವಂತೆ, ಈ ರೋಬಾಟು ಹಾದುಹೋದುದನ್ನು ಕಂಡವನಿಗೆ ಆ 15 ನಿಮಿಷವೂ ತನ್ನದೇ. ಸಂಚಾರವನ್ನು ಅನಿರೀಕ್ಷಿತಗೊಳಿಸುವುದು ಇದಕ್ಕೆ ಪ್ರತೀಕಾರ. ಲಾಸ್ ಏಂಜಲಿಸ್ ವಿಮಾನನಿಲ್ದಾಣದಲ್ಲಿ 2007ರಿಂದ ಬಳಕೆಗೆ ಬಂದ ‘ಆರ್ಮರ್’ ವ್ಯವಸ್ಥೆಯು, ಮಿಲಿಂದ್ ತಾಂಬೆಯವರ ತಂಡವು ದ್ಯೂತಸಿದ್ಧಾಂತದ ಆಧಾರದಿಂದ ರೂಪಿಸಿದುದಾಗಿ, ತಪಾಸಣಾ ಠಾಣೆಗಳನ್ನೂ ಶ್ವಾನದಳದ ಗಸ್ತುಗಳನ್ನೂ ಸ್ಥಳದ ಮಹತ್ತ್ವಕ್ಕನುಗುಣವಾಗಿ, ಆದರೆ ಊಹೆಗೆ ನಿಲುಕದಂತೆ, ಹಂಚುತ್ತಿತ್ತು. ಈ ತತ್ತ್ವವು ರೋಬಾಟಿಗೂ ಅನ್ವಯಿಸುತ್ತದೆ. ಆದರೂ ಇದು ಕಳ್ಳನ ನಿಶ್ಚಯವನ್ನು ಕೆಡಿಸೀತೇ ಹೊರತು ಕಾವಲಿನ ಅಂತರವನ್ನು ಮುಚ್ಚಲಾರದು.

ಅಂತರವನ್ನು ಮುಚ್ಚಬಲ್ಲುದು ಸ್ಥಿರ ಸಂವೇದಕವೇ. ಅದರ ದೋಷವು ಬೇರೆ: ಹಾರುವ ಪರದೆ, ಬಿಸಿಗಾಳಿ, ಇಲಿ, ಎಲ್ಲಕ್ಕೂ ಗಂಟೆ ಬಾರಿಸುವುದು. ಎವರೆಟ್ಟರ ಎರಡನೆಯ ‘ರೋಬಾರ್ಟ್’ ಅವಕೆಂಪು, ಶ್ರವಣಾತೀತ ಧ್ವನಿ, ಸೂಕ್ಷ್ಮತರಂಗ ಮುಂತಾದ ಭಿನ್ನ ಸಾಕ್ಷ್ಯಗಳನ್ನು ಒಂದಕ್ಕೊಂದು ತಾಳೆನೋಡಿ ಅಪಾಯವನ್ನು ಅಳೆಯಲೆತ್ನಿಸಿದುದು ಈ ದೋಷದ ನಿವಾರಣೆಗಾಗಿಯೇ. ಗಂಟೆ ಬಾರಿಸಿದೆಡೆಗೆ ನೇರವಾಗಿ ನಡೆದು, ಹತ್ತಿರದಲ್ಲಿ ನಿಂತು, ಪರದೆಯೋ ಮನುಷ್ಯನೋ ಎಂಬುದನ್ನು ನಿರ್ಣಯಿಸಲು ಮೇಲ್ವಿಚಾರಕನಿಗೆ ಸಾಕ್ಷ್ಯವೊದಗಿಸುವುದು ಗೋಡೆಯ ಕ್ಯಾಮೆರಾಕ್ಕೆ ಸಾಧ್ಯವಿಲ್ಲ, ಸಂಚಾರಿ ರೋಬಾಟಿಗೆ ಸಾಧ್ಯ.

ಸಾರಾಂಶದಲ್ಲಿ, ಎಡೆಬಿಡದ ಪಹರೆಯು ಸ್ಥಿರ ಸಂವೇದಕದ ಧರ್ಮ. ಸಂಶಯದ ಪರಿಶೀಲನೆಯು ಸಂಚಾರಿಯ ಧರ್ಮ. ಆದುದರಿಂದ ಕಟ್ಟಡವೊಂದಕ್ಕೆ ಎಷ್ಟು ರೋಬಾಟುಗಳು ಬೇಕೆಂಬುದನ್ನು ಅವು ಕ್ರಮಿಸುವ ಓಣಿಗಳ ಉದ್ದದಿಂದಲ್ಲ, ಗಂಟೆ ಬಾರಿಸಿದ ಮೂಲೆಯನ್ನು ಎಷ್ಟು ನಿಮಿಷಗಳೊಳಗೆ ತಲುಪಬೇಕೆಂಬುದರಿಂದ ನಿಗದಿಪಡಿಸುವುದು ಯುಕ್ತ.