ದೆಹಲಿಯ ಸಿತಾರ್, ಲಂಡನ್ನಿನ ‘ಸಾರ್ಜೆಂಟ್ ಪೆಪ್ಪರ್’

1967ರ ಮೇ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಆಲ್ಬಮ್ ಬೀಟಲ್ಸ್ ತಂಡ ಅದುವರೆಗೆ ಕೈಹಾಕಿದ್ದ ಅತ್ಯಂತ ದೊಡ್ಡ ಸಾಹಸ. ಅದರ ಎರಡನೆಯ ಬದಿ ಆರಂಭವಾಗುವುದು ಜಾರ್ಜ್ ಹ್ಯಾರಿಸನ್ ರಚಿಸಿದ ‘ವಿದಿನ್ ಯೂ ವಿದೌಟ್ ಯೂ’ ಹಾಡಿನಿಂದ. ತಂಡದ ಉಳಿದ ಮೂವರೂ ಈ ಹಾಡಿನಲ್ಲಿ ಇಲ್ಲ. ದಿಲ್‌ರುಬಾ, ತಂಬೂರಿ, ತಬಲಾ, ಸ್ವರಮಂಡಲಗಳ ಮೇಲೆ ನಿಂತಿರುವ ಈ ಹಾಡಿನ ಹಿನ್ನೆಲೆಯನ್ನು ಹುಡುಕುತ್ತ ಹೊರಟರೆ ದೆಹಲಿ ಮತ್ತೆ ಮತ್ತೆ ಎದುರಾಗುತ್ತದೆ.

ಹ್ಯಾರಿಸನ್ ಮೊದಲು ಸಿತಾರ್ ನುಡಿಸಿದ್ದು 1965ರಲ್ಲಿ, ‘ನಾರ್ವೀಜಿಯನ್ ವುಡ್’ ಹಾಡಿಗೆ. ಆಗ ತಂತಿಯೊಂದು ತುಂಡಾದಾಗ ನೆರವಿಗೆ ಬಂದದ್ದು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್. ಇಂದಿನ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿದ ಅಯನ ದೇವ ಅಂಗಡಿ ತಮ್ಮ ಪತ್ನಿ ಪೆಟ್ರೀಷಿಯಾ ಜೊತೆ ಕಟ್ಟಿದ ಸಂಸ್ಥೆ ಅದು. 1966ರ ಜೂನ್‌ನಲ್ಲಿ ಹ್ಯಾರಿಸನ್‌ಗೆ ಪಂಡಿತ್ ರವಿಶಂಕರರ ಭೇಟಿಯಾದದ್ದೂ ಅಂಗಡಿ ದಂಪತಿಯ ಬಳಗದ ಮೂಲಕವೇ. ಬೀಟಲ್ಸ್ ಕುರಿತ ಕಥನಗಳಲ್ಲಿ ಈ ಕನ್ನಡಿಗನಿಗೆ ಸಿಕ್ಕಿರುವ ಜಾಗ ತೀರ ಸಣ್ಣದು. ಸಲ್ಲಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು.

ಮರುತಿಂಗಳೇ ತಂಡ ದೆಹಲಿಗೆ ಬಂದಿತು. ಮನಿಲಾದಲ್ಲಿ ಕಹಿ ಅನುಭವ ಉಂಡು ಬಂದಿದ್ದ ನಾಲ್ವರಲ್ಲಿ ದೆಹಲಿಯಲ್ಲಿ ಇಳಿಯುವ ಆಸೆ ಇದ್ದದ್ದು ಹ್ಯಾರಿಸನ್‌ಗೆ ಮಾತ್ರ. ಉಳಿದವರು ನೇರ ಲಂಡನ್ನಿಗೆ ಹೋಗಬೇಕೆಂದುಕೊಂಡರೂ ವಿಮಾನದಲ್ಲಿನ ಅವರ ಆಸನಗಳು ಆಗಲೇ ಮಾರಾಟವಾಗಿದ್ದವು. ಇಲ್ಲಿ ತಮ್ಮನ್ನು ಯಾರೂ ಗುರುತಿಸಲಾರರು ಎಂಬ ಅವರ ಎಣಿಕೆ ನಿಲ್ದಾಣದಲ್ಲೇ ಸುಳ್ಳಾಯಿತು; ಅಭಿಮಾನಿಗಳು ನೆರೆದಿದ್ದರು. ಓಬೆರಾಯ್ ಹೋಟೆಲಿನಲ್ಲಿ ತಂಗಿದ್ದಾಗ ಹ್ಯಾರಿಸನ್ ರಿಖಿ ರಾಮ್ ಅವರಿಂದ ಒಳ್ಳೆಯ ಸಿತಾರ್ ಕೊಂಡ. ಲಾಹೋರಿನಲ್ಲಿ ಆರಂಭವಾಗಿ, ವಿಭಜನೆಯ ಬಳಿಕ ದೆಹಲಿಯ ಕನಾಟ್ ಪ್ಲೇಸ್‌ನಲ್ಲಿ ಮತ್ತೆ ಬೇರೂರಿದ ವಾದ್ಯ ತಯಾರಕರ ಮನೆತನ ಅದು. ನೆಲೆ ಕಳೆದುಕೊಂಡು ಬಂದ ಕುಶಲಕರ್ಮಿಗಳು ರಾಜಧಾನಿಗೆ ತಂದ ಕಸುಬುಗಳಲ್ಲಿ ವಾದ್ಯ ತಯಾರಿಕೆಯೂ ಒಂದು. ಅಂದಿನಿಂದ ಆ ಮನೆತನದ ಹೆಸರಿಗೆ ಬೀಟಲ್ಸ್ ಹೆಸರೂ ಅಂಟಿಕೊಂಡಿತು.

ಅದೇ ವರ್ಷದ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಂಡದ ಪ್ರವಾಸಗಳು ಮುಗಿದವು. ಸೆಪ್ಟೆಂಬರ್‌ನಲ್ಲಿ ಹ್ಯಾರಿಸನ್ ಸಿತಾರ್ ಪಾಠಕ್ಕಾಗಿ ಬೊಂಬಾಯಿಗೆ, ರವಿಶಂಕರರ ಬಳಿಗೆ ಬಂದ. 1949ರಿಂದ 1956ರವರೆಗೆ ದೆಹಲಿ ಆಕಾಶವಾಣಿಯಲ್ಲಿದ್ದ ರವಿಶಂಕರ್, ಅಲ್ಲಿ ಭಾರತೀಯ ವಾದ್ಯಗಳನ್ನು ವೃಂದವಾಗಿ ನುಡಿಸುವ ಪ್ರಯೋಗಗಳನ್ನು ನಡೆಸಿದ್ದವರು. ಆಕಾಶವಾಣಿಗಾಗಿ ಅವರು ಮಾಡಿದ್ದ ಒಂದು ದೀರ್ಘ ಕೃತಿಯೇ ತನ್ನ ಹಾಡಿಗೆ ಮಾದರಿ ಎಂದು ಹ್ಯಾರಿಸನ್ ಮುಂದೆ ಹೇಳಿಕೊಂಡಿದ್ದಾನೆ. ಖಮಾಜ್ ಥಾಟಿನ ಸ್ವರಗಳು, ನಡುವೆ ಹತ್ತು ಮಾತ್ರೆಯ ಝಪ್‌ತಾಲಕ್ಕೆ ಹೊರಳುವ ವಾದ್ಯಭಾಗ, ಎಲ್ಲವೂ ಐದು ನಿಮಿಷದ ಚೌಕಟ್ಟಿನಲ್ಲಿ ಬಂದವು.

1967ರ ಮಾರ್ಚ್ 15ರಂದು ಈ ಹಾಡಿನ ಧ್ವನಿಮುದ್ರಣ ಲಂಡನ್ನಿನಲ್ಲಿ ಶುರುವಾಯಿತು. ನುಡಿಸಿದವರು ಅಂಗಡಿಯವರ ಸಂಸ್ಥೆಯ ಬಳಗದ ಭಾರತೀಯ ಕಲಾವಿದರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಬಳಿಕ ಪಿಟೀಲು, ಚೆಲ್ಲೋಗಳನ್ನು ಸೇರಿಸಿದರು. ದಿಲ್‌ರುಬಾದ ಮೀಂಡನ್ನು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಾದವನ್ನು, ಪಾಶ್ಚಾತ್ಯ ವಾದಕರಿಂದ ಹೊರಡಿಸುವುದು ಶ್ರಮದ ಕೆಲಸವಾಗಿತ್ತು.

ಆಲ್ಬಮ್‌ನ ಮುಖಪುಟದಲ್ಲಿ ಪರಮಹಂಸ ಯೋಗಾನಂದ, ಲಾಹಿರಿ ಮಹಾಶಯ ಮೊದಲಾದ ಯೋಗಿಗಳೊಂದಿಗೆ ಗಾಂಧೀಜಿಯ ಚಿತ್ರವೂ ಇರಬೇಕಿತ್ತು. ಭಾರತೀಯರ ಮನಸ್ಸು ನೊಂದೀತೆಂಬ ಅಂಜಿಕೆಯಿಂದ ಇಎಂಐ ಕಂಪನಿ ಅದನ್ನು ತೆಗೆಸಿತು. ತಂಬೂರಿ, ತಬಲಾ, ದಿಲ್‌ರುಬಾ ನುಡಿಸಿದವರ ಹೆಸರುಗಳೂ ಹೊದಿಕೆಯ ಮೇಲೆ ಅಚ್ಚಾಗಲಿಲ್ಲ.